ಕಾರ್ಪೆಟ್ಟಿನ ಇನ್ನೊಂದು ತುದಿ

ಮೂವತ್ತೊಂದು ವರ್ಷ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದವನು ನಾನು. ಎಂಬತ್ತು ಆಳುಗಳನ್ನು ಒಂದೇ ಕೂಗಿಗೆ ಸಾಲಾಗಿ ನಿಲ್ಲಿಸುತ್ತಿದ್ದ ಸೋಮಯ್ಯ ಮೇಸ್ತ್ರಿಯನ್ನು ಕಡೆಗೆ ಒಂದು ಕಾರ್ಪೆಟ್ಟು ಕಾಯಲು ಹಾಕಿದರು ಎಂದರೆ ನನ್ನ ಹೊಟ್ಟೆ ಎಷ್ಟು ಉರಿದಿರಬೇಕು, ನೀವೇ ಯೋಚಿಸಿ. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆ ವರ್ಷ ಅದು ಮೂಗಿನಿಂದ ಕೆಳಗಿಳಿಯಲೇ ಇಲ್ಲ.

ಅದು ಎರಡು ಸಾವಿರದ ಮೂರನೇ ಇಸವಿ. ಕಾಫಿಯ ಬೆಲೆ ಬಿದ್ದು ಮೂರು ವರ್ಷವಾಗಿತ್ತು. ಹೆಗ್ಗದ್ದೆ ಕಡೆಯ ನಮ್ಮ ಎಸ್ಟೇಟಿನ ಯಜಮಾನರು ಯೋಗಾನಂದ ಅವರು ಆಳುಗಳನ್ನು ಕಡಿಮೆ ಮಾಡಿದರು. ಅವರ ಹೆಂಡತಿ ಚಂದ್ರಿಕಾ ಅಮ್ಮ ಸುಮ್ಮನೆ ಕೂರುವ ಪೈಕಿಯಲ್ಲ. ಹಳೆ ಬಂಗಲೆಗೆ ಬಣ್ಣ ಹೊಡೆಸಿ, ನಾಲ್ಕು ಕೋಣೆಗೆ ಮಂಚ ಹಾಕಿಸಿ, ಗೇಟಿಗೆ ಹೋಂ ಸ್ಟೇ ಎಂದು ಬೋರ್ಡು ಬರೆಸಿಯೇ ಬಿಟ್ಟರು. ಆಮೇಲೆ ಹಾಸನಕ್ಕೆ ಹೋಗಿ ಬಂಗಲೆಯ ಮುಂದಿನ ತೆರೆದ ಜಗಲಿಗೆಂದು ಉದ್ದನೆಯ ಹಸಿರು ಕಾರ್ಪೆಟ್ಟು ತಂದರು. ಒಳಗೂ ಹಾಸಬಹುದು, ಹೊರಗೂ ಹಾಸಬಹುದು, ಪ್ಲಾಸ್ಟಿಕ್ ನೂಲಿನದು, ಮಳೆ ಬಿದ್ದರೂ ಏನೂ ಆಗುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ನೋಡಲು ಕತ್ತರಿಸಿದ ಹುಲ್ಲಿನ ಹಾಗೇ ಇತ್ತು. ಸುತ್ತ ಸಾವಿರ ಎಕರೆ ನಿಜವಾದ ಹಸಿರು ಇರುವಾಗ ಜಗಲಿಯ ಮೇಲೊಂದು ಸುಳ್ಳು ಹಸಿರು ಯಾಕೆ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

"ಮೇಸ್ತ್ರಿ, ಬಂಗಲೆ ಹೊರಗಡೆ ಎಲ್ಲಾ ನಿಮ್ಮ ಉಸ್ತುವಾರಿ. ಕಾರ್ಪೆಟ್ ಕ್ಲೀನ್ ಮಾಡೋದು ಚೌಡಮ್ಮ, ನೋಡ್ಕೊಳ್ಳೋದು ನೀವು" ಎಂದರು ಚಂದ್ರಿಕಾ ಅಮ್ಮ. ಯಾಕಾಗಬಾರದು ಎಂದು ತಲೆಯಾಡಿಸಿದೆ. ತಲೆ ಆಡಿತು, ಹಲ್ಲು ಕಡಿಯುತ್ತಿತ್ತು.

ಚೌಡಮ್ಮ ನಮ್ಮ ಲೈನಿನವಳು, ಅಂದರೆ ಎಸ್ಟೇಟಿನ ಆಳುಗಳ ಸಾಲುಮನೆಯವಳು, ಗಂಡ ಇಲ್ಲ, ವಯಸ್ಸು ಐವತ್ತರ ಹತ್ತಿರ. ಎರಡು ವರ್ಷದ ಹಿಂದೆ ಕಾಫಿ ಗಿಡದ ಚಿಗುರು ತೆಗೆಯುವಾಗ ಇಳಿಜಾರಿನಲ್ಲಿ ಬಿದ್ದು ಬಲಮಂಡಿ ಕೆಡಿಸಿಕೊಂಡಿದ್ದಳು. ಗುಡ್ಡ ಹತ್ತುವ ಹಾಗಿಲ್ಲ. ಬಂಗಲೆ ಕೆಲಸ ಸಿಕ್ಕಿದ್ದರಿಂದ ಅವಳ ಮನೆ ಉಳಿದಿತ್ತು. ಎಸ್ಟೇಟಿನಲ್ಲಿ ಕೆಲಸವಿಲ್ಲದವರಿಗೆ ಲೈನಿನಲ್ಲಿ ಮನೆಯಿಲ್ಲ, ಅದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಈ ಕೆಲಸ ಹೋದರೆ ಅವಳು ಕುಂದೂರಿನ ತಮ್ಮನ ಮನೆಗೆ ಹೋಗಬೇಕು, ಆ ತಮ್ಮನ ಹೆಂಡತಿಗೆ ಇವಳ ನೆರಳು ಕಂಡರೂ ಆಗದು. ಇದು ಲೈನಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ನನಗೂ ಗೊತ್ತಿತ್ತು.

ಚಂದ್ರಿಕಾ ಅಮ್ಮ ಗಾಳಿ ಎಳೆಯುವ ಮಿಷಿನ್ನು ಕೊಟ್ಟಿದ್ದರು. ಅದು ಕೆಲಸ ಮಾಡಲು ಕರೆಂಟು ಬೇಕು, ನಮ್ಮಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುವುದು. ಚೌಡಮ್ಮ ಎರಡು ದಿನ ಕಾದಳು. ಮೂರನೇ ದಿನ ಅದನ್ನು ಮೂಲೆಗಿಟ್ಟು, ಗಟ್ಟಿ ಕಡ್ಡಿಯ ಪೊರಕೆ ಹಿಡಿದು, ನೂಲು ಮಲಗಿದ ದಿಕ್ಕಿಗೆ ಎದುರಾಗಿ ಗುಡಿಸತೊಡಗಿದಳು. ಹಾಗೆ ಗುಡಿಸಿದರೆ ಬುಡದಲ್ಲಿ ಕೂತ ಮಣ್ಣು ಎದ್ದು ಬರುತ್ತಿತ್ತು. ಕೆಸರು ಬಿದ್ದರೆ ಆಗಲೇ ಉಜ್ಜುತ್ತಿರಲಿಲ್ಲ. "ಒಣಗ್ಲಿ ಬುಡಿ, ಆಮೇಲೆ ತಾನೇ ಉದುರ್ತದೆ" ಎನ್ನುತ್ತಿದ್ದಳು. ಕಾಫಿ ಚೆಲ್ಲಿದರೆ ಮಾತ್ರ ಮಂಡಿ ನೋವನ್ನೂ ಮರೆತು ಓಡಿ ಬಂದು ಒದ್ದೆ ಬಟ್ಟೆ ಒತ್ತಿ ಹಿಡಿಯುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಬೇಸಿಗೆಯೆಲ್ಲ ಕಾರ್ಪೆಟ್ಟು ತಂದ ದಿನದ ಹಾಗೇ ಇತ್ತು.

ಜೂನ್ ಮೊದಲ ವಾರ, ಮೋಡ ಕಟ್ಟಿದ ಒಂದು ಮಧ್ಯಾಹ್ನ, ಅವಳು ನನ್ನ ಹತ್ತಿರ ಬಂದು ನಿಂತಳು.

"ಮೇಸ್ತ್ರಿ, ಮಳೆ ಹಿಡೀತು ಅಂದ್ರೆ ಇದನ್ನ ದಿನಾ ಸಾಯಂಕಾಲ ಎತ್ತಿ ಗಳದ ಮ್ಯಾಲೆ ಹಾಕ್ಬೇಕು. ಒಬ್ಬಳ ಕೈಲಿ ಆಗಾಕಿಲ್ಲ. ಈ ತುದಿ ನಾನು ಹಿಡೀತೀನಿ, ಆ ತುದಿ ಯಾರಾರ ಹಿಡಿದ್ರೆ ಸಾಕು."

"ಅಂಗಡಿಯೋನೇ ಹೇಳವ್ನೆ, ಮಳೆಗೆ ಏನೂ ಆಗಾಕಿಲ್ಲ ಅಂತ."

"ಮಳೆಗೆ ಅದಕ್ಕೇನೂ ಆಗಾಕಿಲ್ಲ ಕಣ್ರೀ. ಅದರ ಕೆಳಗಿರೋ ನೆಲಕ್ಕೆ ಆಗ್ತದೆ. ನೆಲ ಉಸಿರಾಡ್ಬೇಕಲ್ಲ."

ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ತುದಿ ಹಿಡಿಯಬೇಕಾದವನು ಯಾರು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಚಾಪೆ ಹೊರೋಕೆ ಮೇಸ್ತ್ರಿ ಆಗಿದ್ನಾ ನಾನು? ಹೋಗ್ ಹೋಗು, ಇದ್ದಲ್ಲೇ ಗುಡಿಸು" ಎಂದು ಗದರಿದೆ. ಅವಳು ಪೊರಕೆ ಎತ್ತಿಕೊಂಡು ಹೋದಳು.

ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಜುಲೈ ನಡುವಿಗೆ ಜಗಲಿಯಿಂದ ಹಳಸಿದ ವಾಸನೆ ಶುರುವಾಯಿತು. ಒಂದು ಬೆಳಿಗ್ಗೆ ಕಾರ್ಪೆಟ್ಟಿನ ಮೂಲೆ ಎತ್ತಿ ನೋಡುತ್ತೇನೆ, ಅಡಿಯೆಲ್ಲ ಕಪ್ಪು ಬೂಷ್ಟು. ಅದರ ಜೊತೆಗೆ ರಕ್ತ ಹೀರುವ ನಾಲ್ಕು ಇಂಬಳ ಹಾಯಾಗಿ ಮಲಗಿದ್ದವು. ಚಂದ್ರಿಕಾ ಅಮ್ಮ ಊರಲ್ಲಿರಲಿಲ್ಲ, ಅಣ್ಣನ ಮಗುವಿನ ನಾಮಕರಣಕ್ಕೆಂದು ಕೆ. ಹೊಸಕೋಟೆಗೆ ಹೋಗಿದ್ದರು. ಶನಿವಾರ ಹನ್ನೆರಡು ಜನ ಅತಿಥಿಗಳು ಬರುವುದಿತ್ತು, ಮಳೆಗಾಲದ ಮೊದಲ ದೊಡ್ಡ ಗುಂಪು. ಹೋಗುವಾಗ ಅಮ್ಮ ಹೇಳಿಯೇ ಹೋಗಿದ್ದರು: ಈ ಗುಂಪಿಗೆ ಜಾಗ ಹಿಡಿಸಿದರೆ ಮಳೆಗಾಲದಲ್ಲೂ ಹೋಂ ಸ್ಟೇ ನಡೆಯುತ್ತದೆ, ಇಲ್ಲದಿದ್ದರೆ ದೀಪಾವಳಿವರೆಗೆ ಬಾಗಿಲು ಹಾಕುವುದೇ.

ಕಪ್ಪು ಬೂಷ್ಟು ಎಂದರೆ ನನಗೆ ಗೊತ್ತಿಲ್ಲದ್ದೇ? ಮಳೆಗಾಲದಲ್ಲಿ ಕಾಫಿ ಎಲೆಯನ್ನು ಕೊಳೆಸುವ ರೋಗಕ್ಕೆ ಮೂವತ್ತು ವರ್ಷ ಔಷಧಿ ಹೊಡೆಸಿದ ಕೈ ಇದು. ಬೋರ್ಡೋ ದ್ರಾವಣ. ಮೈಲುತುತ್ತ ಬೇರೆ ಕರಗಿಸಿ, ಸುಣ್ಣ ಬೇರೆ ಕರಗಿಸಿ, ಎರಡನ್ನೂ ಕೂಡಿಸಿ, ಹೊಳೆಯುವ ಚಾಕು ಅದ್ದಿ ಹದ ನೋಡುವುದರಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವನಿರಲಿಲ್ಲ. ಬೂಷ್ಟು ಬೂಷ್ಟೇ ತಾನೇ, ಎಲೆಯ ಮೇಲಿದ್ದರೇನು, ಕಾರ್ಪೆಟ್ಟಿನ ಮೇಲಿದ್ದರೇನು?

"ಬ್ಯಾಡ ಮೇಸ್ತ್ರಿ, ಬಿಚ್ಚಿ ತೊಳೆಯೋಣ" ಎಂದಳು ಚೌಡಮ್ಮ.

"ನಿಂಗೇನು ಗೊತ್ತು, ಸುಮ್ನಿರು" ಎಂದೆ.

ತೋಟಕ್ಕೆ ಹಾಕುವುದಕ್ಕಿಂತ ಎರಡರಷ್ಟು ಗಟ್ಟಿಯಾಗಿ ಕಲಸಿದೆ. ಮಳೆಗೆ ತೊಳೆದು ಹೋಗದಿರಲೆಂದು ತೋಟದಲ್ಲಿ ಸೇರಿಸುವ ರಾಳದ ಅಂಟನ್ನೂ ಸೇರಿಸಿದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಮೇಲೆ ಕೆಳಗೆ ಎರಡೂ ಕಡೆ ತೋಯುವಂತೆ ಹೊಡೆದೆ. ವರ್ಷಗಳಾದ ಮೇಲೆ ಬೆನ್ನಿಗೆ ಪಂಪು ಬಿದ್ದಿತ್ತು. ನಿಜ ಹೇಳಬೇಕೆಂದರೆ ಆ ಅರ್ಧ ಗಂಟೆ ನಾನು ಬಹಳ ಖುಷಿಯಾಗಿದ್ದೆ.

ಮಾರನೆಯ ಬೆಳಿಗ್ಗೆ ಬೂಷ್ಟು ಸತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಪೆಟ್ಟು ಹಸಿರಾಗಿರಲಿಲ್ಲ. ತಿಳಿನೀಲಿ ಸುಣ್ಣ ಬಳಿದ ಹಾಗೆ ಈ ತುದಿಯಿಂದ ಆ ತುದಿಗೆ ಚಕ್ಕೆ ಕಟ್ಟಿತ್ತು. ಕಾಲಿಟ್ಟರೆ ಹಪ್ಪಳದ ಹಾಗೆ ಸದ್ದು. ಒಂದು ಕೊಡ ನೀರು ಹುಯ್ದೆ, ಎರಡು ಕೊಡ ಹುಯ್ದೆ, ಹತ್ತು ಕೊಡ ಹುಯ್ದೆ. ಎಳ್ಳಷ್ಟೂ ಜಗ್ಗಲಿಲ್ಲ. ಜಗ್ಗುವುದಾದರೂ ಹೇಗೆ? ಮೂರು ತಿಂಗಳ ಮಳೆಗೂ ಎಲೆ ಬಿಟ್ಟು ಹೋಗದಂತೆ ಔಷಧಿ ಕಲಸುವವನು ಎಂದೇ ನನಗೆ ಹೆಸರಿದ್ದದ್ದು.

ಇದೇ ಹೊತ್ತಿಗೆ ಗೇಟಿನಲ್ಲಿ ಜೀಪಿನ ಸದ್ದು. ಚಂದ್ರಿಕಾ ಅಮ್ಮ ಒಂದು ದಿನ ಮೊದಲೇ ಬಂದುಬಿಟ್ಟಿದ್ದರು. ಜೀಪಿಳಿದು ಮೆಟ್ಟಿಲ ಬಳಿ ಬಂದವರು ಹಾಗೇ ನಿಂತರು. ಚೌಡಮ್ಮನ ಕೈಯಲ್ಲಿ ಖಾಲಿ ಕೊಡ, ನನ್ನ ಕೈಯಲ್ಲಿ ಏನೂ ಇಲ್ಲ.

"ಚೌಡಮ್ಮ, ಏನಿದು? ಏನ್ ಹಾಕಿದೆ ಇದಕ್ಕೆ?"

ಚೌಡಮ್ಮ ನನ್ನ ಮುಖ ನೋಡಿದಳು. ನಾನು ಹೇಳಬೇಕಾದದ್ದು ನಾಲ್ಕೇ ಮಾತು. ಬಾಯಿ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ತಪ್ಪು ಮಾಡಿದವರನ್ನು ಸಾಲಾಗಿ ನಿಲ್ಲಿಸಿ ಬೈದಿದ್ದೆ, ಆ ಸಾಲಿನಲ್ಲಿ ನಾನು ನಿಂತು ಅಭ್ಯಾಸವಿರಲಿಲ್ಲ. ಅವಳು ತಲೆ ತಗ್ಗಿಸಿದಳು. ಅವಳು ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಮೇಸ್ತ್ರಿಯ ಮೇಲೆ ದೂರು ಹೇಳಿ ಲೈನಿನಲ್ಲಿ ಬಾಳಿದವರನ್ನು ಅವಳು ನೋಡಿರಲಿಲ್ಲ, ಅಷ್ಟೇ. ಹಾಗೆ ಆಗುವಂತೆ ನೋಡಿಕೊಂಡವನು ನಾನೇ.

"ನಂಬಿ ಬಿಟ್ಟು ಹೋದೆನಲ್ಲ" ಎಂದರು ಅಮ್ಮ. ಅವರು ಕೂಗಾಡಲಿಲ್ಲ, ಅದು ಇನ್ನೂ ಕಷ್ಟವಾಯಿತು. "ಶನಿವಾರದವರೆಗೆ ಇರು. ಆಮೇಲೆ ನಾನು ಬೇರೆಯವರನ್ನ ನೋಡ್ಕೋತೀನಿ."

ಅವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ನನ್ನ ಹೆಂಡತಿ ಜಗದಾಂಬ ಮುದ್ದೆ ಬಡಿಸಿ ಎದುರಿಗೆ ಕೂತಳು. ಸುದ್ದಿ ನನಗಿಂತ ಮೊದಲೇ ಲೈನು ಸುತ್ತಿ ಅಲ್ಲಿಗೆ ಬಂದಿತ್ತು.

"ಪಂಪು ಯಾರ ಬೆನ್ನ ಮ್ಯಾಲಿತ್ತು?" ಎಂದಳು.

"ಊಟ ಮಾಡಾಕೆ ಬುಡ್ತೀಯಾ ಇಲ್ವಾ?"

"ಮಾಡಿ, ಮಾಡಿ. ಅವಳು ಕುಂದೂರಿಗೆ ಹೋದ್ಮೇಲೂ ಹಿಂಗೇ ಹೊಟ್ಟೆ ತುಂಬ ಊಟ ಮಾಡಿ."

ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದೆ. ಕೈ ತೊಳೆದುಕೊಂಡು ಛತ್ರಿ ಹಿಡಿದು ಚೌಡಮ್ಮನ ಮನೆ ಕಡೆ ನಡೆದೆ. ಅತ್ತುಕೊಂಡು ಕೂತಿರುತ್ತಾಳೆ, ಏನಾದರೂ ಸಮಾಧಾನ ಹೇಳೋಣ ಎಂದುಕೊಂಡಿದ್ದೆ. ಎಲ್ಲಿಯ ಅಳು! ಹೊಸ್ತಿಲಲ್ಲಿ ಕೂತು, ಅಂಗೈಯಗಲದ ಕಾರ್ಪೆಟ್ ತುಂಡೊಂದನ್ನು ಮುಂದಿಟ್ಟುಕೊಂಡು ಉಜ್ಜುತ್ತಿದ್ದಳು. ಹಾಸುವಾಗ ಕಂಬದ ಬುಡಕ್ಕೆ ಸರಿಯಾಗಿ ಕೂರಲೆಂದು ಕತ್ತರಿಸಿ ಸಿಕ್ಕಿಸಿದ್ದ ತುಂಡು ಅದು. ಅದಕ್ಕೂ ನನ್ನ ಔಷಧಿ ಬಿದ್ದಿತ್ತು. ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಹುಣಸೆಹುಳಿ, ಇನ್ನೊಂದರಲ್ಲಿ ಹೋಳು ಮಾಡಿದ ಹೇರಳೆಕಾಯಿ.

"ಮೇಸ್ತ್ರಿ, ನಿಮ್ ಮೈಲುತುತ್ತ ಅಂದ್ರೆ ತಾಮ್ರವೇ ಅಲ್ವಾ?" ಎಂದಳು, ತಲೆ ಎತ್ತದೆ.

"ಹೂಂ."

"ಬಂಗಲೆ ತಾಮ್ರದ ಹಂಡೆಗೆ ಕಿಲುಬು ಹಿಡಿದ್ರೆ ನಾನು ಹುಳಿ ಹಾಕಿ ತಾನೇ ತಿಕ್ಕೋದು? ಅದಕ್ಕೆ ನೋಡ್ತಾ ಇವ್ನಿ. ಹುಣಸೆಹುಳಿಗೆ ಬುಡ್ತು, ಆದ್ರೆ ಕಂದು ಬಣ್ಣ ನಿಂತ್ಕೊಂಡ್ತು. ಹೇರಳೆಗೆ ನೋಡಿ."

ತುಂಡನ್ನು ತಿರುಗಿಸಿ ತೋರಿಸಿದಳು. ಒಂದು ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಜಾಗ ಹಸಿರಾಗಿತ್ತು. ನನ್ನ ಮೈಲುತುತ್ತ, ನನ್ನ ಸುಣ್ಣ, ಎರಡೂ ಬೇಲಿ ಸಾಲಿನ ಹೇರಳೆಕಾಯಿಗೆ ಸೋತಿದ್ದವು. ಆದರೂ ಮುಟ್ಟಿದರೆ ಜಿಗುಟು ಇತ್ತು. ಅದು ರಾಳದ ಅಂಟು ಎಂದು ನಾನು ಹೇಳಿದೆ.

"ಹಂಗಾರೆ ಹುಳಿ ತಾಮ್ರ ಬುಡಿಸ್ಲಿ, ಬಿಸಿನೀರು ಅಂಟುವಾಳ ಅಂಟು ಬುಡಿಸ್ಲಿ" ಎಂದಳು. ಹೊಸ್ತಿಲ ಮೇಲೆ ಕೂತಿದ್ದವಳ ಎದುರು ನಾನು ಮಳೆಯಲ್ಲೇ ನಿಂತಿದ್ದೆ, ಛತ್ರಿ ಮಡಚಿದ್ದೇನೆಂದು ಆಗ ಗೊತ್ತಾಯಿತು.

"ಅಷ್ಟುದ್ದಕ್ಕೆ ಎಷ್ಟು ಕಾಯಿ ಬೇಕು?" ಎಂದೆ.

"ಎರಡು ಚೀಲ."

ಚೀಲ ಹಿಡಿದು ಹೊರಟೆ. ಎಸ್ಟೇಟಿನ ಯಾವ ಬೇಲಿಯಲ್ಲಿ ಯಾವ ಹೇರಳೆ ಗಿಡವಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಮುಳ್ಳು ಕೈಯೆಲ್ಲ ಗೀರಿತು. ಸಾಯಂಕಾಲದೊಳಗೆ ಎರಡೂವರೆ ಚೀಲ ಇಳಿಸಿದೆ.

ಗುರುವಾರ ಬೆಳಿಗ್ಗೆ ಇಬ್ಬರೂ ಕಾರ್ಪೆಟ್ಟನ್ನು ಸುರುಳಿ ಸುತ್ತಿ ಕೈಗಾಡಿಯಲ್ಲಿ ಕಾಫಿ ಕಣಕ್ಕೆ ಒಯ್ದೆವು. ಹಳ್ಳಕ್ಕೆ ಒಯ್ಯಬಹುದಿತ್ತು, ಹತ್ತಿರವಿತ್ತು. ಆದರೆ ತಾಮ್ರದ ನೀರು ಹಳ್ಳಕ್ಕೆ ಬಿದ್ದರೆ ಮೀನು ಸಾಯುತ್ತವೆ. ಅಷ್ಟು ಬುದ್ಧಿ ನನಗೂ ಉಳಿದಿತ್ತು. ಕಣದ ಸಿಮೆಂಟು ಒಂದು ಕಡೆಗೆ ಇಳಿಜಾರು, ನೀರೆಲ್ಲ ಮೂಲೆಯ ಗುಂಡಿಗೆ ಹೋಗುತ್ತದೆ. ಅವಳು ಮಂಡಿ ಚಾಚಿ ಮಣೆಯ ಮೇಲೆ ಕೂತು ಹೇರಳೆ ಹೋಳಿನಿಂದ ಮೊಳ ಮೊಳವಾಗಿ ಉಜ್ಜುತ್ತ ಬಂದಳು. ನಾನು ಹಿಂದಿನಿಂದ ಬಿಸಿನೀರು, ಅಂಟುವಾಳದ ನೊರೆ, ತೆಂಗಿನ ನಾರಿನ ಬ್ರಷ್ಷು.

"ಜೋರಾಗಿ ತಿಕ್ಬ್ಯಾಡಿ, ನೂಲು ಎದ್ದೋಯ್ತದೆ. ಒಂದೇ ಕಡೆ ಎಳೀರಿ" ಎಂದಳು.

ಬಾಯಿಗೆ ಬಂದ ಮಾತು ನುಂಗಿಕೊಂಡೆ. ಒಂದೇ ಕಡೆ ಎಳೆದೆ. ನೀಲಿ ನೀರು ಹರಿದು ಹೋದ ಹಾಗೆ ಹಸಿರು ಅಂಗುಲ ಅಂಗುಲವಾಗಿ ಮೇಲೆ ಬಂತು. ಸಂಜೆಗೆ ನನ್ನ ಸೊಂಟ ಬಿದ್ದು ಹೋಗಿತ್ತು, ಗೀರಿದ ಕೈಗೆ ಹುಳಿ ತಾಗಿ ಉರಿಯೋ ಉರಿ. ಆದರೂ ಯಾಕೋ ಮನಸ್ಸು ಹಗುರವಾಗಿತ್ತು.

ಒಣಗಿಸುವುದೇ ದೊಡ್ಡ ಪಾಡು. ಬಿಸಿಲೆಂಬುದು ಸೆಪ್ಟೆಂಬರ್‌ವರೆಗೆ ಕನಸು. ಒಲೆಯ ಮೇಲಿನ ಅಟ್ಟಕ್ಕೆ ಹಾಕೋಣವೆಂದರೆ ಪ್ಲಾಸ್ಟಿಕ್ಕು, ಬೆಂಕಿ ಕಂಡರೆ ಸುರುಟಿಕೊಳ್ಳುತ್ತದೆ. ಸ್ಟೋರ್ ಜುಲೈಯಲ್ಲಿ ಖಾಲಿ ಎಂದು ನನಗೆ ನೆನಪಾಯಿತು. ಕಾಫಿ ತುಂಬಿಡುವ ಆ ಕಟ್ಟಡದ ನೆಲ ಹಲಗೆಯದು, ಎರಡೂ ಕಡೆ ಬಾಗಿಲು ತೆರೆದರೆ ಗಾಳಿ ನುಗ್ಗುತ್ತದೆ. ಬಿದಿರಿನ ಗಳ ಕಟ್ಟಿ ಅಡಿಭಾಗ ಮೇಲಾಗುವಂತೆ ನೇತು ಹಾಕಿದೆವು. ಚೌಡಮ್ಮ ಎರಡೆರಡು ಗಂಟೆಗೊಮ್ಮೆ ಬಂದು ಮಗ್ಗುಲು ಬದಲಾಯಿಸಿದಳು. ಶುಕ್ರವಾರ ಇಡೀ ದಿನ ಜಗಲಿಯ ಬರಿಯ ನೆಲವನ್ನು ತಿಕ್ಕಿ ತೊಳೆದು, ಗಾಳಿಗೆ ಬಿಟ್ಟು ಒಣಗಿಸಿದಳು. ಮೂಗಿಟ್ಟು ನೋಡಿದರೂ ಹಳಸು ವಾಸನೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಸಿದೆವು. ಮೊದಲಿನಷ್ಟೇ ಹಸಿರು, ಹತ್ತಿರ ಬಗ್ಗಿದರೆ ಹೇರಳೆಯ ಸಣ್ಣ ಪರಿಮಳ. ಚಂದ್ರಿಕಾ ಅಮ್ಮ ಒಳಗಿನಿಂದ ಬಂದು ಬರಿಗಾಲಲ್ಲಿ ಅದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಅವರ ಮುಖ ಅರಳಿತು.

"ಮೇಸ್ತ್ರಿ, ನೀವಿದ್ದದ್ದಕ್ಕೆ ಇದು ಉಳೀತು ನೋಡಿ. ಮೂವತ್ತು ವರ್ಷದ ಅನುಭವ ಅಂದ್ರೆ ಸುಮ್ನೆ ಅಲ್ಲ" ಎಂದರು. ಆಮೇಲೆ ಚೌಡಮ್ಮನ ಕಡೆ ತಿರುಗಿ, ಸ್ವಲ್ಪ ಮೆತ್ತಗೆ, "ಆಯ್ತು, ಆಗಿದ್ದು ಆಗಿಹೋಯ್ತು. ಇನ್ನು ಇರು. ಆದ್ರೆ ಮೇಸ್ತ್ರಿನ ಕೇಳದೆ ಏನೂ ಮಾಡಬೇಡ" ಎಂದರು.

ಚೌಡಮ್ಮ "ಹೂನ್ರಮ್ಮ" ಎಂದಳು. ಅವಳ ಕಣ್ಣು ತುಂಬಿತ್ತು. ಮನೆ ಉಳಿಯಿತಲ್ಲ ಎಂಬುದಷ್ಟೇ ಅವಳಿಗೆ ಸಾಕಾಗಿತ್ತು. ನನ್ನ ಕಡೆ ನೋಡಲೂ ಇಲ್ಲ. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಮುಗಿದಿತ್ತು. ಅವಳ ಕೆಲಸ ಉಳಿದಿತ್ತು, ನನ್ನ ಮರ್ಯಾದೆಯೂ ಉಳಿದಿತ್ತು.

ಆದರೆ ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಎಂದು ಯೋಚಿಸುವಷ್ಟು ಪುರುಸೊತ್ತು ನನ್ನ ಸಿಟ್ಟಿಗೆ ಎಂದೂ ಇದ್ದದ್ದಿಲ್ಲ.

"ಏನಮ್ಮ ನೀವು, ವಿಚಾರಿಸ್ದೆ ಮಾತಾಡ್ತೀರಿ" ಎಂದು ಚಂದ್ರಿಕಾ ಅಮ್ಮನವರ ಮೇಲೇ ರೇಗಿದೆ. "ಔಷಧಿ ಹೊಡೆದೋನು ನಾನು. ಬ್ಯಾಡ ಅಂದೋಳು ಅವಳು. ಮಳೆಗೆ ಮುಂಚೆ ದಿನಾ ಎತ್ತಿ ಹಾಕೋಣ ಅಂದ್ಲು, ಗದರಿ ಕಳ್ಸಿದೋನು ನಾನು. ಹೇರಳೆಕಾಯಿ ಕಂಡುಹಿಡಿದೋಳು ಅವಳು. ನೀವು ಅವಳನ್ನ ಬೈಯೋವಾಗ ಬಾಯಿಗೆ ಬೀಗ ಹಾಕ್ಕೊಂಡು ನಿಂತೋನೂ ನಾನೇ. ನನ್ನ ಕೇಳಿ ಅವಳು ಮಾಡೋದಲ್ಲ, ಅವಳನ್ನ ಕೇಳಿ ನಾನು ಮಾಡ್ಬೇಕು. ತೆಗೆಯೋದಾದ್ರೆ ನನ್ನ ತೆಗೀರಿ."

ಚಂದ್ರಿಕಾ ಅಮ್ಮ ನನ್ನನ್ನೇ ನೋಡುತ್ತಿದ್ದರು. ತಪ್ಪೊಪ್ಪಿಕೊಳ್ಳುವವನು ಹೀಗೆ ಜಗಳಕ್ಕೆ ನಿಂತದ್ದನ್ನು ಅವರು ಕಂಡಿರಲಿಕ್ಕಿಲ್ಲ.

"ಚೌಡಮ್ಮ, ಅವತ್ತು ಯಾಕೆ ಹೇಳಲಿಲ್ಲ ನೀನು?" ಎಂದರು ಕೊನೆಗೆ.

"ಅವರೇ ಹೇಳ್ಲಿ ಅಂತ" ಎಂದಳು ಚೌಡಮ್ಮ.

ಅದು ಹೆದರಿಕೆಯೇ ಎಂದು ಮೂರು ದಿನ ನಂಬಿದ್ದೆ ನಾನು. ಹೆದರಿಕೆಯ ಜೊತೆಗೆ ಅವಳು ನನಗೊಂದು ಅವಕಾಶವನ್ನೂ ಬಿಟ್ಟುಕೊಟ್ಟಿದ್ದಳು. ಅಷ್ಟು ದೊಡ್ಡ ಮನಸ್ಸು ಮೂವತ್ತೊಂದು ವರ್ಷದಲ್ಲಿ ಯಾವ ಆಳಿಗೂ ನಾನು ತೋರಿಸಿದ್ದಿಲ್ಲ. ನಾಚಿಕೆಯಾಯಿತು, ಹೇಳಲು ಸಂಕೋಚವಿಲ್ಲ. ಚಂದ್ರಿಕಾ ಅಮ್ಮ ಚೌಡಮ್ಮನ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡರು, "ತಪ್ಪಾಯ್ತು ಕಣೇ" ಎಂದರು. ನನ್ನ ಕಡೆ ತಿರುಗಿ, "ನಿಮ್ಮನ್ನ ಯಾಕ್ರೀ ತೆಗೀಲಿ? ಆ ಹೇರಳೆ ಗಿಡ ಎಲ್ಲೆಲ್ಲಿವೆ ಅಂತ ಬೇರೆ ಯಾರಿಗೆ ಗೊತ್ತು" ಎಂದರು.

ಹನ್ನೆರಡು ಜನ ಬಂದರು, ಎರಡು ದಿನ ಕೆಸರು ತುಳಿದರು, ಕಾಫಿ ಚೆಲ್ಲಿದರು, ಇಂಬಳ ಕಂಡು ಕಿರುಚಿದರು, ಮತ್ತೆ ಬರುತ್ತೇವೆಂದು ಹೇಳಿ ಹೋದರು. ಆಗಸ್ಟಿನಲ್ಲಿ ಬಂದೂ ಬಂದರು. ಹೋಂ ಸ್ಟೇ ಬಾಗಿಲು ಹಾಕಲಿಲ್ಲ. ಆಮೇಲಾಮೇಲೆ ಆಚೆ ಗುಡ್ಡದ ಎರಡು ಬಂಗಲೆಗಳಿಂದಲೂ ಕಾರ್ಪೆಟ್ಟು ತೊಳೆಯಲು ಚೌಡಮ್ಮನಿಗೆ ಜೀಪು ಬರತೊಡಗಿತು. ಅವಳು ಮುಂದಿನ ಸೀಟಿನಲ್ಲಿ ಕೂತು ಹೋಗುವುದನ್ನು ಜಗದಾಂಬ ಬಾಗಿಲಲ್ಲಿ ನಿಂತು ನನಗೆ ತೋರಿಸುತ್ತಿದ್ದಳು.

ಅದೆಲ್ಲ ಆಮೇಲಿನ ಮಾತು. ಆ ಶನಿವಾರ ಸಾಯಂಕಾಲ ಅತಿಥಿಗಳು ಒಳಗೆ ಕಾಫಿ ಕುಡಿಯುತ್ತಿದ್ದರು. ಪಡುವಲಿಂದ ಮಳೆ ಬರುವ ಸದ್ದು ಕೇಳಿಸಿತು. ಚೌಡಮ್ಮ ಜಗಲಿಯ ಈ ಕೊನೆಯಲ್ಲಿ ಬಗ್ಗಿ, ಕಾರ್ಪೆಟ್ಟಿನ ತುದಿ ಎರಡು ಕೈಯಲ್ಲಿ ಹಿಡಿದು, ನಾನು ಕಂಬಕ್ಕೆ ಒರಗಿ ನಿಂತಿದ್ದ ಕಡೆ ನೋಡಿದಳು.

"ಮೇಸ್ತ್ರಿ, ಆ ತುದಿ ಹಿಡೀರಿ" ಎಂದಳು.

ಹೋಗಿ ಹಿಡಿದೆ.